ಪಾದರಸದ ಸುದ್ದಿಯಲ್ಲಿ ಮೀನಿನ ಹೆಸರೂ ಇರಲಿ

ಮಾನ್ಯರೇ,

‘ಸಮುದ್ರದ ಮೀನಿನಲ್ಲಿ ಪಾದರಸ’ ಎಂಬ ತಲೆಬರಹ ಕಂಡರೆ ಓದುಗರು ಎಲ್ಲ ಮೀನನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಹೆದರುತ್ತಾರೆ. ಯಾವ ಮೀನು ಎಂದು ಹೇಳದ ಸುದ್ದಿಯಿಂದ ಯಾರಿಗೂ ಉಪಯೋಗವಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಪಟ್ಟಿಯಲ್ಲಿ ಸಾರ್ಡೀನ್, ಅಂದರೆ ಬೂತಾಯಿ ವರ್ಗದ ಮೀನಿನ ಸರಾಸರಿ ಗ್ರಾಂಗೆ 0.013 ಮೈಕ್ರೊಗ್ರಾಂ, ಕತ್ತಿಮೀನಿನದು (ಸ್ವೋರ್ಡ್‌ಫಿಶ್) 0.995. ಎಪ್ಪತ್ತು ಪಟ್ಟಿಗೂ ಹೆಚ್ಚಿನ ಅಂತರ. ‘ಟ್ಯೂನಾ’ ಎಂದಷ್ಟೇ ಬರೆದರೂ ಸಾಲದು: ಸ್ಕಿಪ್‌ಜಾಕ್ ಟ್ಯೂನಾದಲ್ಲಿ 0.144 ಇದ್ದರೆ ಬಿಗ್‌ಐ ಟ್ಯೂನಾದಲ್ಲಿ 0.689.

ಈ ಅಂತರಕ್ಕೆ ಕಾರಣವಿದೆ. ಕಲ್ಲಿದ್ದಲು ಉರಿಸುವುದರಿಂದ, ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆಯಿಂದ ಏಳುವ ಪಾದರಸದ ಆವಿ ತಿಂಗಳುಗಟ್ಟಲೆ ಗಾಳಿಯಲ್ಲಿ ಅಲೆದು ಕಡಲಿಗೆ ಬೀಳುತ್ತದೆ. ಆಮ್ಲಜನಕ ಕಡಿಮೆಯಿರುವ ಕಡೆ ಸೂಕ್ಷ್ಮಜೀವಿಗಳು ಅದರಲ್ಲಿ ಒಂದಿಷ್ಟನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅಪಾಯ ಹುಟ್ಟುವುದು ಅಲ್ಲಿ. ಕಣ್ಣಿಗೆ ಕಾಣದ ಸಸ್ಯಪ್ಲವಕಗಳು (ಕಡಲಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು) ನೀರಿನಲ್ಲಿರುವುದಕ್ಕಿಂತ ಹತ್ತಾರು ಸಾವಿರ ಪಟ್ಟು ಸಾಂದ್ರವಾಗಿ ಅದನ್ನು ಹೀರಿಕೊಳ್ಳುತ್ತವೆ; ಇಡೀ ಆಹಾರಜಾಲದಲ್ಲಿ ಇದಕ್ಕಿಂತ ದೊಡ್ಡ ಜಿಗಿತ ಬೇರೆಯಿಲ್ಲ. ಅವನ್ನು ತಿಂದ ಸಣ್ಣ ಜೀವಿ, ಅದನ್ನು ತಿಂದ ಮೀನು, ಆ ಮೀನನ್ನು ತಿಂದ ದೊಡ್ಡ ಮೀನು, ಹೀಗೆ ಮೆಟ್ಟಿಲಿಗೊಮ್ಮೆ ಏರುತ್ತದೆ. ಒಳಗೆ ಬಂದ ವೇಗದಲ್ಲಿ ಹೊರಹೋಗುವುದಿಲ್ಲವಾದ್ದರಿಂದ ಒಂದೇ ಜಾತಿಯಲ್ಲೂ ಹಳೆಯ, ದೊಡ್ಡ ಮೀನಿನಲ್ಲಿ ಹೆಚ್ಚು.

ಚರ್ಮ ಸುಲಿಯಿರಿ, ಕೊಬ್ಬು ತೆಗೆಯಿರಿ ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬಾರದು. ಅದು ಕೊಬ್ಬಿನಲ್ಲಿ ಕೂರುವ ಪಿಸಿಬಿಯಂಥ ಕೈಗಾರಿಕಾ ವಿಷಗಳಿಗೆ ಹೊಂದುವ ಮಾತು. ಮೀಥೈಲ್ ಪಾದರಸ ಅಂಟಿಕೊಳ್ಳುವುದು ಮಾಂಸದ ಪ್ರೋಟೀನಿನಲ್ಲಿರುವ ಗಂಧಕಕ್ಕೆ. ತೊಳೆದರೂ ಬೇಯಿಸಿದರೂ ಹೋಗದು. ಹುರಿದಾಗ ನೀರು ಆರಿ, ಗ್ರಾಂ ಲೆಕ್ಕದಲ್ಲಿ ಇನ್ನೂ ಏರುತ್ತದೆ.

ಲೆಕ್ಕ ಹಾಕುವುದು ಸುಲಭ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞ ಸಮಿತಿ 2003ರಲ್ಲಿ ಮೀಥೈಲ್ ಪಾದರಸಕ್ಕೆ ಇಟ್ಟ ಮಿತಿ, ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1.6 ಮೈಕ್ರೊಗ್ರಾಂ. 60 ಕಿಲೋ ತೂಗುವವರಿಗೆ 96. ನೂರು ಗ್ರಾಂ ಕತ್ತಿಮೀನಿಗೆ ವಾರದ ಪಾಲು ಮುಗಿಯಿತು. ಸಾರ್ಡೀನಾದರೆ ಏಳು ಕಿಲೋ ತಿನ್ನಬೇಕು! ಮಗು ಬಯಸುವವರು ಗರ್ಭ ನಿಂತ ಮೇಲೆ ದೊಡ್ಡ ಮೀನು ಬಿಟ್ಟರಾಯಿತು ಎಂದು ಕಾಯಬಾರದು. ದೇಹದಲ್ಲಿರುವುದು ಅರ್ಧಕ್ಕೆ ಇಳಿಯಲು ಸುಮಾರು 50 ದಿನ ಬೇಕು, ಅದು ಮಾಸು ದಾಟಿ ಮಗುವಿನ ಮಿದುಳನ್ನು ತಲುಪುತ್ತದೆ. ಹಾಗೆಂದು ಮೀನನ್ನೇ ಬಿಟ್ಟರೆ ಅದೇ ಮಿದುಳಿಗೆ ಬೇಕಾದ ಒಮೆಗಾ-3 ತಪ್ಪುತ್ತದೆ. ಬದಲಿಸಬೇಕಾದದ್ದು ಮೀನಿನ ಜಾತಿಯನ್ನು.

ವರದಿಗಳಲ್ಲಿ ನುಸುಳಬಹುದಾದ ಇನ್ನೊಂದು ತಪ್ಪು ತೂಕದ್ದು. ಮೀನಿನ ಮಾಂಸದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಪ್ರಯೋಗಾಲಯ ಒಣಗಿಸಿದ ಮಾದರಿಯಲ್ಲಿ ಕಿಲೋಗೆ 1.5 ಮಿಲಿಗ್ರಾಂ (ಗ್ರಾಂಗೆ 1.5 ಮೈಕ್ರೊಗ್ರಾಂ ಎಂದರೂ ಅದೇ) ಎಂದರೆ ಹಸಿ ಮೀನಿನಲ್ಲಿ ಅದು 0.3ರ ಆಸುಪಾಸು. ಟ್ಯೂನಾಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗ ಕಿಲೋಗೆ 1.2 ಮಿಲಿಗ್ರಾಂ ಮೀಥೈಲ್ ಪಾದರಸದ ಮಿತಿ ಇಟ್ಟಿರುವುದು ಹಸಿ ತೂಕಕ್ಕೆ. ಒಣ ತೂಕದ ಅಂಕಿಯನ್ನು ಅದರ ಪಕ್ಕ ಇಟ್ಟರೆ ಸುರಕ್ಷಿತ ಮೀನೂ ವಿಷವೆನಿಸುತ್ತದೆ. ಜಾತಿ, ಉದ್ದ, ಪರೀಕ್ಷಿಸಿದ ಭಾಗ, ಹಸಿಯೋ ಒಣದೋ: ಈ ನಾಲ್ಕನ್ನು ಸಂಶೋಧಕರಿಂದ ಕೇಳಿ ಪಡೆದು ಸುದ್ದಿಯ ಜೊತೆಗೇ ಅಚ್ಚು ಮಾಡಿ ಎಂದು ಕೋರುತ್ತೇವೆ.