‘ಕಂಟ್ರೋಲ್’ ಕಾಲ ನಮ್ಮ ಪಾಠದಲ್ಲಿ ಯಾಕಿಲ್ಲ?

ಸಂಪಾದಕರಿಗೆ,

ನಮಸ್ಕಾರ. ಆಗಸ್ಟ್ ಬಂದರೆ ಪತ್ರಿಕೆಗಳಲ್ಲಿ ಹಿರೋಷಿಮಾ, ನಾಗಸಾಕಿಯ ಚಿತ್ರ ಬರುತ್ತದೆ. ಸೆಪ್ಟೆಂಬರ್ 1ಕ್ಕೆ ಹಿಟ್ಲರ್ ಪೋಲೆಂಡಿಗೆ ನುಗ್ಗಿದ ಕಥೆ ಬರುತ್ತದೆ. ಬರಲಿ, ಬೇಡ ಅನ್ನುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದ ನಾನೂ ಇದನ್ನೇ ಬೋರ್ಡಿನ ಮೇಲೆ ಬರೆದವನು. ಎರಡನೇ ಮಹಾಯುದ್ಧ, 1939ರಿಂದ 1945. ಒಂದು ಕಡೆ ಜರ್ಮನಿ, ಇಟಲಿ, ಜಪಾನ್. ಇನ್ನೊಂದು ಕಡೆ ಬ್ರಿಟನ್, ರಷ್ಯಾ, ಅಮೆರಿಕ. ಕಾರಣ ಐದು, ಪರಿಣಾಮ ಐದು. ಮಕ್ಕಳು ಬಾಯಿಪಾಠ ಮಾಡುತ್ತಿದ್ದರು, ಅಂಕ ಬೀಳುತ್ತಿತ್ತು.

ನಿವೃತ್ತನಾದ ಮೇಲೆ ಒಂದು ದಿನ ಅಮ್ಮನ ಹಳೇ ಟ್ರಂಕು ತೆಗೆದು ಒರೆಸುತ್ತಿದ್ದೆ. ತಳದಲ್ಲಿ ಒಂದು ತೂತಿನ ಕಾಸು ಸಿಕ್ಕಿತು. ನಡುವೆ ಮಗುವಿನ ಕಿರುಬೆರಳು ತೂರುವಷ್ಟು ತೂತು. ಒಂದು ಮುಖದಲ್ಲಿ ಕಿರೀಟ, ಜೊತೆಗೆ 1943 ಅಂತ ಇಸವಿ. ಅಮ್ಮನಿಗೆ ಈಗ ತೊಂಬತ್ತು ದಾಟಿದೆ. ಕೈಗೆ ಕೊಟ್ಟೆ. ಬೆರಳಿನಲ್ಲೇ ಸವರಿ ನೋಡಿ, “ಇದು ಕಂಟ್ರೋಲ್ ಕಾಲದ್ದು ಕಣೋ. ಮಕ್ಕಳ ಉಡದಾರಕ್ಕೆ ಪೋಣಿಸಿ ಕಟ್ತಿದ್ರು” ಅಂದರು.

ಯುದ್ಧದ ಕಾಲದ್ದು ಅನ್ನಲಿಲ್ಲ. ಕಂಟ್ರೋಲ್ ಕಾಲದ್ದು ಅಂದರು, ಅಂದರೆ ಸರ್ಕಾರವೇ ದರ ಕಟ್ಟಿ ರೇಷನ್ ಕೊಡುತ್ತಿದ್ದ ಕಾಲದ್ದು. ನಾನು ಅಷ್ಟು ವರ್ಷ ಪಾಠ ಮಾಡಿದ್ದ ಯುದ್ಧವೂ ಅಮ್ಮನ ಕಂಟ್ರೋಲ್ ಕಾಲವೂ ಒಂದೇ ಅಂತ ನನಗೆ ಹೊಳೆದದ್ದು ಆವತ್ತು. ನಾಚಿಕೆಯ ಮಾತು, ಆದರೆ ನಿಜ.

ಕಾಸಿಗೆ ತೂತು ಯಾಕೆ ಕೊರೆದರು? ಲೋಹ ಉಳಿಸಲಿಕ್ಕೆ. ತಾಮ್ರ ಮದ್ದುಗುಂಡಿಗೆ ಬೇಕಿತ್ತು. ಅದಕ್ಕೂ ಮೊದಲು, 1940ರಲ್ಲಿ, ಬೆಳ್ಳಿ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದ್ದರು. ಗಡಿಯಾರವನ್ನೂ ಬಿಡಲಿಲ್ಲ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ದೇಶದ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತಿತ್ತು.

ನಮ್ಮ ಕಡೆಯ ಮನೆಗಳಿಗೆ ಈ ಯುದ್ಧ ಬಂದದ್ದು ಬರ್ಲಿನ್ನಿನಿಂದ ಅಲ್ಲ, ಬರ್ಮಾದ ರಂಗೂನಿನಿಂದ. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಜಪಾನಿನ ಕೈಗೆ ಬಿತ್ತು. ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ಏಪ್ರಿಲ್ 6ಕ್ಕೆ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನಿನ ಬಾಂಬ್ ಬಿತ್ತು. ಮದ್ರಾಸಿನಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಬರ್ಮಾ ಹೋದ ಮೇಲೆ ಬರ್ಮಾ ಅಕ್ಕಿಯೂ ಹೋಯಿತು, ಅಲ್ಲಿಂದ ಬರುತ್ತಿದ್ದ ಸೀಮೆಎಣ್ಣೆಯೂ ಹೋಯಿತು. ಅಮ್ಮನ ಮನೆಯಲ್ಲಿ ಲಾಟೀನು ಮೂಲೆ ಸೇರಿತಂತೆ, ಹೊಂಗೆ ಎಣ್ಣೆಯ ಹಣತೆ ಮತ್ತೆ ಬಂತಂತೆ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು. ಬಸ್ಸಿನ ಹಿಂದೆ ಒಂದು ಪೀಪಾಯಿ, ಅದರೊಳಗೆ ಕೆಂಡ, ಗಾಳಿ ತಿರುವಲು ಒಬ್ಬ ಹುಡುಗ. ಏರು ಬಂದರೆ ಜನ ಇಳಿದು ತಳ್ಳಬೇಕು.

ರವೆ ಇಡ್ಲಿ ಹುಟ್ಟಿದ್ದೂ ಆಗಲೇ ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳಿಕೊಂಡು ಬಂದಿದ್ದಾರೆ. ಅಕ್ಕಿ ಸಿಗದೆ ರವೆಯಲ್ಲಿ ಮಾಡಿ ನೋಡಿದರಂತೆ. ಇದನ್ನು ಪಾಠದಲ್ಲಿ ಹೇಳಿದ್ದರೆ ಹಿಂದಿನ ಬೆಂಚಿನ ಹುಡುಗರೂ ಎದ್ದು ಕೂರುತ್ತಿದ್ದರೇನೋ.

ಇನ್ನು ಕಂಟ್ರೋಲ್ ವಿಷಯ. ಯುದ್ಧಕ್ಕೆ ಬೇಕಾದ ಬಟ್ಟೆ, ಧಾನ್ಯ, ಚರ್ಮ ಎಲ್ಲವನ್ನೂ ಬ್ರಿಟನ್ ಇಲ್ಲಿ ಕೊಳ್ಳುತ್ತಿತ್ತು. ದುಡ್ಡು ಮಾತ್ರ ಇಲ್ಲಿ ಕೊಡುತ್ತಿರಲಿಲ್ಲ. ‘ಆಮೇಲೆ ಕೊಡ್ತೀವಿ’ ಅಂತ ಲಂಡನ್ನಿನಲ್ಲಿ ಲೆಕ್ಕ ಬರೆದಿಡುತ್ತಿತ್ತು. ಆ ಲೆಕ್ಕದ ಚೀಟಿ ನಂಬಿಕೊಂಡು ಇಲ್ಲಿ ನೋಟು ಅಚ್ಚು ಹಾಕುತ್ತಿದ್ದರು. ಆರು ವರ್ಷದಲ್ಲಿ ಚಲಾವಣೆಯ ನೋಟು ಸುಮಾರು ಆರು ಪಟ್ಟಾಯಿತು. ಸಾಮಾನು ಕಮ್ಮಿ, ನೋಟು ಜಾಸ್ತಿ. ಬೆಲೆ ಏರದೆ ಇನ್ನೇನಾಗುತ್ತದೆ? ಯುದ್ಧ ಮುಗಿದಾಗ ಬ್ರಿಟನ್ ನಮಗೆ ಸುಮಾರು 130 ಕೋಟಿ ಪೌಂಡ್ ಬಾಕಿ ಇತ್ತು. ಸಾಲ ಕೊಟ್ಟವರು ನಾವು, ಹೊಟ್ಟೆ ಕಟ್ಟಿದವರೂ ನಾವೇ.

ಬೆಲೆ ಹಿಡಿಯಲು ಸರ್ಕಾರ ಭಾರತ ರಕ್ಷಣಾ ನಿಯಮಗಳು ಅನ್ನುವ ಯುದ್ಧಕಾಲದ ನಿಯಮಗಳನ್ನು ಬಳಸಿತು. ದರ ಕಟ್ಟಿದರು, ರೇಷನ್ ತಂದರು. 1943ರಲ್ಲಿ ಬಟ್ಟೆಗೂ ಕಂಟ್ರೋಲ್ ಬಂತು. ಹಳ್ಳಿಗಳಲ್ಲಿ ಲೆವಿ, ಅಂದರೆ ಬೆಳೆದ ಧಾನ್ಯದಲ್ಲಿ ಇಷ್ಟು ಅಂತ ಸರ್ಕಾರಕ್ಕೆ ಕೊಡಲೇಬೇಕು. ಲೆವಿಗೆ ಬಂದವರು ಕಣಜಕ್ಕೆ ಇಣುಕುತ್ತಿದ್ದರಂತೆ. ನಮ್ಮ ತಾತ ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿಸಿ, ಬಾಯಿ ಮುಚ್ಚಿಸಿ, ಮೇಲೆ ತಿಪ್ಪೆ ಹಾಕಿಸಿದ್ದರಂತೆ. ಎಂಬತ್ತು ವರ್ಷ ಆಯ್ತಲ್ಲ, ಇನ್ನು ಯಾರೂ ಕೇಸು ಹಾಕುವುದಿಲ್ಲ ಅಂತ ಧೈರ್ಯವಾಗಿ ಬರೆಯುತ್ತಿದ್ದೇನೆ. ‘ಬ್ಲ್ಯಾಕ್‌ನಲ್ಲಿ ತಂದೆ’ ಅನ್ನುವ ಮಾತು ನಮ್ಮ ಹಳ್ಳಿಗರ ಬಾಯಿಗೆ ಬಂದದ್ದು ಆಗಲೇ ಅಂತ ಅಮ್ಮ ಹೇಳುತ್ತಾರೆ. ಯುದ್ಧ ಮುಗಿದರೂ ಈ ಏರ್ಪಾಡು ಪೂರ್ತಿ ಮುಗಿಯಲಿಲ್ಲ. 1946ರಲ್ಲಿ ಅಗತ್ಯ ಸಾಮಗ್ರಿಗಳ ತಾತ್ಕಾಲಿಕ ಕಾಯ್ದೆ ಬಂತು, ಅದರ ಹಿಂದೆ 1955ರ ಅಗತ್ಯ ವಸ್ತುಗಳ ಕಾಯ್ದೆ ಬಂತು. ಇವತ್ತಿನ ರೇಷನ್ ಕಾರ್ಡಿನ ಬೇರು ಹುಡುಕಿದರೆ ಅಲ್ಲಿಗೇ ಹೋಗುತ್ತದೆ.

ನಾವು ಹೇಗೋ ರಾಗಿಯಲ್ಲಿ ಬದುಕಿದೆವು. ಬಂಗಾಳದವರಿಗೆ ಅದೂ ಆಗಲಿಲ್ಲ. ಜಪಾನಿನವರ ಕೈಗೆ ಸಿಗಬಾರದು ಅಂತ 1942ರಲ್ಲಿ ಅಲ್ಲಿನ ಕರಾವಳಿ ಜಿಲ್ಲೆಗಳ ದೋಣಿಗಳನ್ನು ಸರ್ಕಾರ ಕಿತ್ತುಕೊಂಡಿತು. ಹತ್ತಕ್ಕಿಂತ ಜಾಸ್ತಿ ಜನ ಕೂರಬಹುದಾದ ದೋಣಿ ಇಟ್ಟುಕೊಳ್ಳುವಂತಿಲ್ಲ. ಹೊಳೆಯೇ ರಸ್ತೆಯಾಗಿರುವ ಸೀಮೆಯದು. ಮೀನು ಹಿಡಿಯುವವನಿಗೂ ದೋಣಿ, ಗದ್ದೆಗೆ ಹೋಗುವವನಿಗೂ ದೋಣಿ, ಭತ್ತ ಸಂತೆಗೆ ಸಾಗಿಸಲೂ ದೋಣಿ. ಆ ಅಕ್ಟೋಬರಿನಲ್ಲಿ ಮಿಡ್ನಾಪುರಕ್ಕೆ ಚಂಡಮಾರುತ ಬಡಿಯಿತು. 1943ರಲ್ಲಿ ಅಕ್ಕಿಯ ಬೆಲೆ ಕೂಲಿಯವನ ಕೈಗೆ ಎಟುಕದ ಹಾಗಾಯಿತು. ಹಡಗಿನಲ್ಲಿ ಧಾನ್ಯ ಕಳಿಸಿ ಅಂತ ದೆಹಲಿ ಕೇಳಿದರೆ ಲಂಡನ್ ಅರೆಮನಸ್ಸಿನಲ್ಲಿ, ತೀರಾ ಕಮ್ಮಿ ಕಳಿಸಿತು. ಸರ್ಕಾರದ ವಿಚಾರಣಾ ಆಯೋಗವೇ 15 ಲಕ್ಷ ಸಾವು ಅಂದಿತು. ಆಮೇಲೆ ಲೆಕ್ಕ ಹಾಕಿದ ಅಮರ್ತ್ಯ ಸೇನರಂಥವರು ಸುಮಾರು 30 ಲಕ್ಷ ಅಂದರು. ಹಿರೋಷಿಮಾದಲ್ಲಿ 1945ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1.4 ಲಕ್ಷ. ಸಾವನ್ನು ತಕ್ಕಡಿಗೆ ಹಾಕುವುದು ತಪ್ಪು, ಗೊತ್ತು. ಆದರೆ ಒಂದು ನಮ್ಮ ಪಾಠದಲ್ಲಿ ಚಿತ್ರದ ಸಮೇತ ಇತ್ತು. ಇನ್ನೊಂದನ್ನು ನಾನು ಮೂವತ್ತು ವರ್ಷದಲ್ಲಿ ಒಂದು ಪೀರಿಯಡ್ಡೂ ಹೇಳಲಿಲ್ಲ.

ನನ್ನ ಇನ್ನೊಂದು ತಕರಾರು ಇದೆ. ಯುದ್ಧ ಒಂದು ಅಧ್ಯಾಯ, ಸ್ವಾತಂತ್ರ್ಯ ಹೋರಾಟ ಬೇರೆ ಅಧ್ಯಾಯ. ಎರಡೂ ಬೇರೆ ಬೇರೆ ದೇಶದಲ್ಲಿ ನಡೆದ ಹಾಗೆ. 1939ರಲ್ಲಿ ವೈಸರಾಯ್ ಲಿನ್‌ಲಿತ್ಗೊ ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಇಳಿಸಿದರು. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. 1942ರಲ್ಲಿ ಜಪಾನ್ ಬಾಗಿಲಿಗೆ ಬಂದಾಗ ಬ್ರಿಟನ್ನಿನ ಮಂತ್ರಿ ಕ್ರಿಪ್ಸ್ ಸಂಧಾನಕ್ಕೆ ಬಂದರು, ಮಾತು ಮುರಿಯಿತು, ಆಗಸ್ಟ್ 8ಕ್ಕೆ ಬೊಂಬಾಯಿಯಲ್ಲಿ ಕ್ವಿಟ್ ಇಂಡಿಯಾ ಠರಾವು ಆಯಿತು. ಅದರ ಮುಂದಿನ ತಿಂಗಳಲ್ಲೇ ಅಲ್ವಾ ಶಿಕಾರಿಪುರ ತಾಲ್ಲೂಕಿನ ಈಸೂರು ಎದ್ದದ್ದು? “ಏಸೂರು ಕೊಟ್ಟರೂ ಈಸೂರು ಕೊಡೆವು” ಅನ್ನುವುದು ನಮ್ಮ ಎಲ್ಲ ಮಕ್ಕಳಿಗೂ ಗೊತ್ತು. 1943ರ ಮಾರ್ಚಿನಲ್ಲಿ ಅಲ್ಲಿಯ ಐವರನ್ನು ಗಲ್ಲಿಗೆ ಹಾಕಿದ್ದೂ ಗೊತ್ತು. ರಂಗೂನ್ ಬೀಳದಿದ್ದರೆ ಆ ವರ್ಷ ಹಾಗೆ ಬಿಸಿಯೇರುತ್ತಿತ್ತಾ ಅಂತ ಮಾತ್ರ ನಾವು ಮೇಷ್ಟ್ರುಗಳು ಯಾರೂ ಮಕ್ಕಳನ್ನು ಕೇಳಲಿಲ್ಲ.

ಯುದ್ಧದಿಂದ ಬಂದದ್ದೆಲ್ಲ ಕೇಡೇ ಅಂತಲೂ ಅಲ್ಲ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇವತ್ತಿನ ಎಚ್ಎಎಲ್) ಕಟ್ಟಿದ್ದು ಇದೇ ಯುದ್ಧದ ಒತ್ತಡದಲ್ಲಿ. 1943ರಿಂದ ಅಲ್ಲಿ ಅಮೆರಿಕದ ವಿಮಾನಗಳ ರಿಪೇರಿ ನಡೆಯಿತು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ) ವಿಮಾನ ವಿಜ್ಞಾನದ ವಿಭಾಗ ಶುರುವಾದದ್ದು 1942ರಲ್ಲಿ. ಇವುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಆಗಾಗ ಓದುತ್ತೇನೆ. ಅದಕ್ಕೇ ಜಾಸ್ತಿ ಬರೆಯುವುದಿಲ್ಲ.

ನಾನು ಕೇಳುವುದು ಇಷ್ಟು. ಕಂಟ್ರೋಲ್ ಕಾಲವನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತೈದು, ತೊಂಬತ್ತು. ಅವರ ಮಾತು ಬರೆದುಕೊಳ್ಳಲು ವಾರಕ್ಕೊಮ್ಮೆ ಅರ್ಧ ಕಾಲಂ ಕೊಡಿ. ಮೇಷ್ಟ್ರುಗಳು ಮಕ್ಕಳಿಗೆ ಇದನ್ನೇ ಹೋಂವರ್ಕ್ ಕೊಡಲಿ. ಪಕ್ಕದ ಬೀದಿಯ ಅಜ್ಜಿಯನ್ನು ಕೇಳಿಕೊಂಡು ಬಾ, ಸೀಮೆಎಣ್ಣೆ ಸಿಗದ ದಿನ ಏನು ಮಾಡಿದ್ರಿ ಅಂತ. ತಡ ಮಾಡಬೇಡಿ. ಇದ್ದಿಲಿನ ಬಸ್ಸಿಗೆ ಟಿಕೆಟ್ ಎಷ್ಟಿತ್ತು ಅಂತ ನಮ್ಮ ಅಮ್ಮನನ್ನು ಈ ತಿಂಗಳು ಎರಡು ಸಲ ಕೇಳಿದೆ. ಒಂದು ಸಲ ಎರಡಾಣೆ ಅಂದರು. ಇನ್ನೊಂದು ಸಲ, “ನಾವೆಲ್ಲಿ ಬಸ್ಸು ಹತ್ತಿದ್ವೋ, ನಡ್ಕೊಂಡೇ ಹೋಗ್ತಿದ್ವಿ” ಅಂದರು.

ಇಂತಿ,
ನಿವೃತ್ತ ಶಿಕ್ಷಕ, ತಿಪಟೂರು