ಮುನ್ನರಿವು ಹಣೆಬರಹವಲ್ಲ

ಪ್ರೀತಿಯ ಮಗಾ,

ದೇವರಿಗೆ ಎಲ್ಲವೂ ಮೊದಲೇ ಗೊತ್ತಿದ್ದರೆ ಯೇಸುಸ್ವಾಮಿಯನ್ನು ಅರಿಯೆನೆಂದ ಶಿಷ್ಯ ಪೇತ್ರನದು ತಪ್ಪು ಹೇಗಾಯಿತು ಎಂದು ಕೇಳಿದ್ದೀಯ. ಮೊದಲು ಒಂದು ಗಂಟು ಬಿಡಿಸಿಕೋ. ‘ದೇವರು ತಿಳಿದದ್ದು ನಡೆದೇ ನಡೆಯುತ್ತದೆ’ ಎಂಬುದು ನಿಜ. ಅಲ್ಲಿಂದ ‘ಪೇತ್ರನಿಗೆ ಬೇರೆ ದಾರಿಯೇ ಇರಲಿಲ್ಲ’ ಎಂಬಲ್ಲಿಗೆ ಜಿಗಿಯಬೇಡ. ಅವನು ಧೈರ್ಯದಿಂದ ಒಪ್ಪಿಕೊಳ್ಳುವವನಾಗಿದ್ದರೆ ದೇವರಿಗೆ ಮೊದಲೇ ಗೊತ್ತಿರುತ್ತಿದ್ದುದೂ ಅದೇ. ಖಚಿತವಾಗಿರುವುದು ಅರಿವು, ಅವನ ನಾಲಿಗೆಯ ಮೇಲೆ ಬಲವಂತವಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಇಲ್ಲಿ ಎಡವಿದರೆ ಮುನ್ನರಿವು ಹಣೆಬರಹವಾಗಿಬಿಡುತ್ತದೆ, ಪ್ರಾರ್ಥನೆಗೆ ಅರ್ಥವೇ ಉಳಿಯುವುದಿಲ್ಲ.

ಕ್ರಿ.ಶ. 524ರ ಸುಮಾರಿಗೆ ಸೆರೆಯಲ್ಲಿದ್ದ ರೋಮಿನ ತತ್ವಜ್ಞಾನಿ ಬೊಯೆಥಿಯಸ್ ಕೊಟ್ಟ ಉತ್ತರವನ್ನು ನೀನು ಕೇಳಿರಬಹುದು: ದೇವರಿಗೆ ನಿನ್ನೆ, ನಾಳೆಗಳಿಲ್ಲ, ಎಲ್ಲ ಕಾಲವೂ ಒಟ್ಟಿಗೇ ಕಣ್ಣೆದುರಿಗಿದೆ, ನಡೆಯುವವನನ್ನು ನೋಡಿದ ಮಾತ್ರಕ್ಕೆ ನೋಟ ಅವನನ್ನು ನಡೆಸುವುದಿಲ್ಲ. ಗಟ್ಟಿಯಾದ ಮಾತೇ. ಆದರೆ ಅಷ್ಟಕ್ಕೇ ನಿಲ್ಲಬೇಡ. ಯೇಸುಸ್ವಾಮಿ ಅದೇ ರಾತ್ರಿ, ‘ಕೋಳಿ ಕೂಗುವ ಮುನ್ನ ನನ್ನನ್ನು ಮೂರು ಬಾರಿ ಅರಿಯೆನೆನ್ನುವೆ’ ಎಂದು ಪೇತ್ರನಿಗೆ ಮೊದಲೇ ಬಾಯಿಬಿಟ್ಟು ಹೇಳಿದ್ದರು. ಕಾಲಾತೀತ ಅರಿವು ಕಾಲದೊಳಗೆ ಮಾತಾಗಿ ಬಂದಾಗ ಕಗ್ಗಂಟು ಮತ್ತೆ ಬಿಗಿಯುತ್ತದೆ.

ಈಗ 1 ಸಮುವೇಲ 23ನ್ನು ನಿಧಾನವಾಗಿ ಓದು. ಫಿಲಿಷ್ಟಿಯರಿಂದ ಕೆಯೀಲಾ ಊರನ್ನು ಬಿಡಿಸಿ ದಾವೀದ ಅಲ್ಲಿದ್ದಾನೆ. ಅರಸ ಸೌಲ ಅವನನ್ನು ಕೊಲ್ಲಲು ಹುಡುಕುತ್ತಿದ್ದಾನೆ. ದಾವೀದ ದೇವರನ್ನು ಕೇಳುತ್ತಾನೆ: ಸೌಲ ಬರುವನೋ? ಬರುವನು. ಊರವರು ನನ್ನನ್ನು ಹಿಡಿದುಕೊಡುವರೋ? ಕೊಡುವರು. ಕೇಳಿದ್ದೇ ತಡ, ದಾವೀದ ಸುಮಾರು 600 ಜನರೊಂದಿಗೆ ಹೊರಟುಬಿಟ್ಟ. ಸೌಲ ಬರಲಿಲ್ಲ, ಯಾರೂ ಹಿಡಿದುಕೊಡಲೂ ಇಲ್ಲ. ದೇವರ ಮಾತು ಸುಳ್ಳಾಯಿತೇ? ಇಲ್ಲ, ‘ನೀನು ಇಲ್ಲೇ ಉಳಿದರೆ’ ಎಂಬ ಷರತ್ತು ಅದರೊಳಗಿತ್ತು.

ಸ್ಪೇನಿನ ಜೆಸ್ವಿಟ್ ಪಾದ್ರಿ ಲೂಯಿಸ್ ದೆ ಮೊಲಿನಾ 1588ರಲ್ಲಿ ಪ್ರಕಟಿಸಿದ ವಾದ ಇಂಥ ವಚನಗಳಿಗೆ ಒಪ್ಪುತ್ತದೆ. ಏನೇನು ಆಗಬಹುದು ಎಂಬ ಅರಿವಿಗೂ ಏನು ಆಗಲಿದೆ ಎಂಬ ಅರಿವಿಗೂ ನಡುವೆ, ಯಾವ ಸನ್ನಿವೇಶದಲ್ಲಿ ಯಾರು ಸ್ವಂತ ಇಚ್ಛೆಯಿಂದ ಏನು ಮಾಡುವರು ಎಂಬ ಮಧ್ಯಜ್ಞಾನವೂ ದೇವರಿಗುಂಟು ಎಂದು ಅವರ ವಾದ. ನನ್ನ ಒಲವು ಇದರ ಕಡೆಗೇ. ಆದರೂ ಇದಕ್ಕೆ ಇರುವ ಆಕ್ಷೇಪ ಸಣ್ಣದಲ್ಲ: ಆ ಮನುಷ್ಯ ಇನ್ನೂ ಸೃಷ್ಟಿಯಾಗಿಲ್ಲ, ಆಯ್ಕೆಯೂ ನಡೆದಿಲ್ಲ, ಹಾಗಿರುವಾಗ ‘ಹೀಗೆ ಮಾಡುವನು’ ಎಂಬುದನ್ನು ಸತ್ಯವಾಗಿಸುವುದು ಯಾವುದು? ಇನ್ನೊಂದು ಕ್ಯಾಥೊಲಿಕ್ ಸಂಘದವರಾದ ಡೊಮಿನಿಕನ್ನರು ಮೊಲಿನಾ ವಿರುದ್ಧ ಹಟ ಹಿಡಿದರು. ರೋಮಿನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆದು, 1607ರಲ್ಲಿ ಪೋಪ್ ಐದನೇ ಪೌಲ್ ಯಾರನ್ನೂ ಖಂಡಿಸದೆ ಅದನ್ನು ಮುಗಿಸಿದರು.

ಮುಂದಿನ ಆಯ್ಕೆಗಳು ಇನ್ನೂ ಇಲ್ಲವೇ ಇಲ್ಲ, ಆದ್ದರಿಂದ ತಿಳಿಯಲು ಅಲ್ಲಿ ಏನೂ ಇಲ್ಲ ಎನ್ನುವವರೂ ಇದ್ದಾರೆ. ಜನ ತಿರುಗಿಕೊಂಡರೆ ದೇವರು ಹೇಳಿದ ಕೇಡನ್ನು ತಡೆಯುವ ಯೆರೆಮೀಯ 18, ಯೋನ 3 ಅಧ್ಯಾಯಗಳನ್ನು ಅವರು ತೋರಿಸುತ್ತಾರೆ. ಕೋಳಿ ಕೂಗುವ ಮುನ್ನ ಮೂರು ಬಾರಿ ಎಂಬ ಅಷ್ಟು ಕರಾರುವಾಕ್ಕಾದ ಮಾತಿಗೆ ಅವರ ಸಮಾಧಾನ ನನಗೆ ಸಾಲದು.

ಬೈಬಲ್ ಅಧ್ಯಯನದಲ್ಲಿ ಚರ್ಚೆ ಬಿಸಿಯಾದಾಗ, ಎದುರಿನವರು ‘ದೇವರಿಗೆ ಗೊತ್ತಿದೆ’ ಎನ್ನುತ್ತಿದ್ದಾರೋ ‘ದೇವರು ನಿರ್ಣಯಿಸಿದ್ದಾರೆ’ ಎನ್ನುತ್ತಿದ್ದಾರೋ ಕೇಳು. ಪ್ರೊಟೆಸ್ಟೆಂಟ್ ಸುಧಾರಕ ಕಾಲ್ವಿನ್‌ಗೆ ದೇವರ ಅರಿವು ದೇವರ ನಿರ್ಣಯದ ಮೇಲೆ ನಿಂತಿದೆ. ಡಚ್ ದೇವತಾಶಾಸ್ತ್ರಜ್ಞ ಆರ್ಮೀನಿಯಸ್‌ಗೆ ರಕ್ಷಣೆಗಾಗಿ ದೇವರು ಮಾಡುವ ಆಯ್ಕೆಯೇ, ದೇವರು ಮುಂಗಂಡ ಮನುಷ್ಯನ ನಂಬಿಕೆಯ ಮೇಲೆ ನಿಂತಿದೆ. ಇವೆರಡನ್ನು ಬೆರೆಸಿದರೆ ರಾತ್ರಿಯಿಡೀ ಕೂತರೂ ಬಗೆಹರಿಯದು. ಯೇಸುಸ್ವಾಮಿಯ ಮರಣವನ್ನು ಕುರಿತ ಅಪೊಸ್ತಲರ ಕೃತ್ಯಗಳು 2:23ರಲ್ಲಿ ನಿರ್ಣಯ, ಮುನ್ನರಿವು, ಮನುಷ್ಯರ ಅಪರಾಧ ಮೂರೂ ಒಂದೇ ವಾಕ್ಯದಲ್ಲಿವೆ. ಅದನ್ನು ಓದಿ ನಿನಗೆ ಕಂಡದ್ದನ್ನು ಬರೆ. ಪೂರ್ವನೇಮಕದ, ಅಂದರೆ ಯಾರಿಗೆ ರಕ್ಷಣೆ ಎಂದು ದೇವರು ಮೊದಲೇ ನೇಮಿಸುವುದರ, ವಿಷಯ ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ನಿನ್ನ ದೊಡ್ಡಪ್ಪ