ತೊಗರಿ ಹೂವಿನ ಹೊತ್ತಲ್ಲಿ ಒಡ್ಡಿಗೆ ಕಸದ ಎಣ್ಣೆ ಬೇಡ: ಜಂಟಿ ಕೃಷಿ ನಿರ್ದೇಶಕರಿಗೊಂದು ಬಹಿರಂಗ ಪತ್ರ

ಕಲಬುರಗಿ ಜಿಲ್ಲೆಯ ಮಾನ್ಯ ಜಂಟಿ ಕೃಷಿ ನಿರ್ದೇಶಕರಿಗೆ,

ನಮಸ್ಕಾರಗಳು.

ದಸರಾ ಮುಗಿಯುವ ಹೊತ್ತಿಗೆ ನಮ್ಮ ಕಡೆ ತೊಗರಿ ಹೂ ಬಿಡಲು ಶುರುವಾಗುತ್ತದೆ. ಆಗ ಒಡ್ಡಿನ ಮೇಲೆ ಮಳೆಗಾಲದ ಕಸವೂ ದಟ್ಟವಾಗಿ ಬೆಳೆದಿರುತ್ತದೆ, ತುಂಬೆಯಂಥ ಗಿಡ ಹೂವಾಗಿರುತ್ತದೆ. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು ಕಸದ ಎಣ್ಣೆ, ಅಂದರೆ ಕಳೆನಾಶಕ, ಹೊಡೆಯುತ್ತೇವೆ. ಹೆಚ್ಚಾಗಿ ಅದು ಗ್ಲೈಫೋಸೇಟ್. ಅದರ ಬಗ್ಗೆಯೇ ಈ ಪತ್ರ.

ಅಂಗಡಿಯಲ್ಲಿ ಕೇಳಿದರೆ, "ಇದು ಕಸಕ್ಕೆ ಮಾತ್ರ, ಹುಳಕ್ಕೆ ಏನೂ ಆಗಲ್ಲ" ಅನ್ನುತ್ತಾರೆ. ನಂಬುವಂತೆಯೇ ಇದೆ. ಹೊಡೆದ ಒಡ್ಡಿನ ಮೇಲೆ ಸತ್ತ ಜೇನು ಬಿದ್ದಿರುವುದಿಲ್ಲವಲ್ಲ. ಆದರೆ ಪೆಟ್ಟು ಬೀಳುವುದು ಜೇನಿನ ಹೊಟ್ಟೆಯೊಳಗೆ.

ಎಳೆಯ ಜೇನುಹುಳ ಎರಿಯಿಂದ ಹೊರಬಂದಾಗ ಅದರ ಕರುಳಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಡಿಮೆ. ಮುಂದಿನ ಕೆಲವೇ ದಿನಗಳಲ್ಲಿ ಗೂಡಿನ ಹಿರಿಯ ಹುಳಗಳ ಒಡನಾಟದಿಂದ, ಅವುಗಳ ಹಿಕ್ಕೆಯಿಂದ, ಅದು ತನ್ನ ಪಾಲಿನ ಬ್ಯಾಕ್ಟೀರಿಯಾ ಪಡೆಯುತ್ತದೆ. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹೆಪ್ಪಾಗುತ್ತದಲ್ಲ, ಹಾಗೆ. ಈ ಬಳಗ ದೊಡ್ಡದೇನಲ್ಲ. ಎಂಟೊಂಬತ್ತು ಗುಂಪುಗಳೇ ಸೇರಿ ಕರುಳಿನ ಬ್ಯಾಕ್ಟೀರಿಯಾದಲ್ಲಿ ಶೇಕಡಾ 95ಕ್ಕೂ ಜಾಸ್ತಿ. ಅದರಲ್ಲಿ ಸ್ನಾಡ್‌ಗ್ರಾಸೆಲ್ಲಾ ಎಂಬುದು ಕರುಳಿನ ಗೋಡೆಗೆ ಅಂಟಿ ಪದರ ಕಟ್ಟುತ್ತದೆ. ಗಿಲಿಯಮೆಲ್ಲಾ ಎಂಬುದು ಆ ಪದರದ ಮೇಲೆ ನೆಲೆಸಿ, ಪರಾಗದಲ್ಲಿರುವ ಪೆಕ್ಟಿನ್ ಎಂಬ ನಾರಿನಂಥ ಅಂಶವನ್ನು ಒಡೆಯುತ್ತದೆ. ಹೆಜ್ಜೇನು, ಕೋಲು ಜೇನು, ತುಡುವೆ ಜೇನು, ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನು, ಎಲ್ಲದರಲ್ಲೂ ಇವುಗಳ ಬಂಧುಗಳಿವೆ. ಈ ಸಂಬಂಧ ಸುಮಾರು 8 ಕೋಟಿ ವರ್ಷ ಹಳೆಯದು ಎಂದು 2017ರ ಒಂದು ಅಧ್ಯಯನ ಲೆಕ್ಕ ಹಾಕಿತು.

ಇವು ಸುಮ್ನೆ ಹೊಟ್ಟೆಯಲ್ಲಿ ಕೂತಿರುವುದಿಲ್ಲ. ಬಂಬಲ್‌ಬೀ ಎಂಬ ದಪ್ಪ ರೋಮದ ಜೇನು ನಮ್ಮ ಬಿಸಿಲು ನಾಡಿನದಲ್ಲ, ಹಿಮಾಲಯ, ಯುರೋಪಿನಂಥ ತಂಪು ಸೀಮೆಯದು. ಅದಕ್ಕೆ ಕ್ರಿತಿಡಿಯಾ ಎಂಬ ಪರಾವಲಂಬಿ ಜೀವಿ ಕಾಡುತ್ತದೆ. ಗೂಡಿನವರ ಬ್ಯಾಕ್ಟೀರಿಯಾ ಸಿಗದಂತೆ ಬೆಳೆಸಿದ ಬಂಬಲ್‌ಬೀಗಳಲ್ಲಿ ಆ ಸೋಂಕು ಜಾಸ್ತಿಯಾಯಿತು ಎಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 2011ರಲ್ಲಿ ತೋರಿಸಿದರು.

ಇನ್ನು ನಮ್ಮ ಎಣ್ಣೆಯ ವಿಷಯ. ಗಿಡಗಳಲ್ಲಿರುವ ಒಂದು ಕಿಣ್ವವನ್ನು ಗ್ಲೈಫೋಸೇಟ್ ತಡೆಯುತ್ತದೆ. ಆ ಕಿಣ್ವ ಮನುಷ್ಯರಲ್ಲಿ ಇಲ್ಲ, ಜೇನಿನಲ್ಲೂ ಇಲ್ಲ. ಅದಕ್ಕೇ ಅಂಗಡಿಯವರ ಆ ಧೈರ್ಯ. ಆದರೆ ಜೇನಿನ ಕರುಳಿನ ಬ್ಯಾಕ್ಟೀರಿಯಾದಲ್ಲಿ ಅದು ಇದೆ! 2018ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಪೆಟ್ಟಿಗೆ ಜೇನಿಗೆ, ಹೊಲದ ಸುತ್ತ ಸಿಗಬಹುದಾದಷ್ಟೇ ಗ್ಲೈಫೋಸೇಟನ್ನು ಸಕ್ಕರೆ ನೀರಿನಲ್ಲಿ ಕೊಟ್ಟು ನೋಡಿದರು. ಹುಳ ಕೂಡಲೇ ಸಾಯಲಿಲ್ಲ. ಸ್ನಾಡ್‌ಗ್ರಾಸೆಲ್ಲಾ ಕಡಿಮೆಯಾಯಿತು. ಅಂಥ ಎಳೆ ಹುಳಗಳಿಗೆ ಸೆರಾಟಿಯಾ ಎಂಬ ರೋಗಾಣು ತಾಗಿಸಿದಾಗ, ಅವು ಉಳಿದವುಗಳಿಗಿಂತ ಜಾಸ್ತಿ ಸತ್ತವು.

ಒಡ್ಡಿಗೆ ಹೊಡೆದ ಕಸ ಅವತ್ತೇ ಒಣಗುವುದಿಲ್ಲ, ವಾರ ಹತ್ತು ದಿನ ಬೇಕು. ಆ ನಡುವೆಯೂ ತುಂಬೆ ಹೂವಿಗೆ ಜೇನು ಬರುತ್ತಲೇ ಇರುತ್ತದೆ. ತೊಗರಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ನಿಜ. ಆದರೆ ಸೂರ್ಯಕಾಂತಿ ಬೆಳೆದವರನ್ನು ಕೇಳಿ ನೋಡಿ. ಜೇನು ಕಡಿಮೆಯಾದರೆ ತೆನೆ ದೊಡ್ಡದಾಗಿಯೇ ಇರುತ್ತದೆ, ಉಜ್ಜಿದರೆ ಬರೀ ಜೊಳ್ಳು.

ರೈತರನ್ನು ಬೈದು ಪ್ರಯೋಜನವಿಲ್ಲ. ಕಸ ತೆಗೆಯಲು ಬೇರೆ ದಾರಿ ಕೊಡಬೇಕು. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರಗಳನ್ನು ಕಸ ಬೆಳೆಯುವ ಎರಡು ಮೂರು ತಿಂಗಳಾದರೂ ಸಣ್ಣ ರೈತರಿಗೆ ಕಡಿಮೆ ಬಾಡಿಗೆಗೆ ಸಿಗುವಂತೆ ಮಾಡಿ. ಹೊಡೆಯಲೇಬೇಕಾದವರು ಕಸ ಹೂ ಬಿಡುವ ಮೊದಲೇ ಹೊಡೆಯಲಿ, ಹೂವಾದ ಮೇಲೆ ಬೇಡ. ಈ ಒಂದು ಮಾತನ್ನು ರೈತ ಸಂಪರ್ಕ ಕೇಂದ್ರದ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಿ. ಗ್ಲೈಫೋಸೇಟನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳು (ಕೀಟ ನಿಯಂತ್ರಣಕ್ಕೆ ಲೈಸೆನ್ಸ್ ಪಡೆದವರು) ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತ್ತು. ನಮ್ಮ ಜಿಲ್ಲೆಯಲ್ಲಿ ಅದರ ಬಗ್ಗೆ ಇಲಾಖೆ ಏನು ಮಾಡಿದೆ ಎಂದು ಬಹಿರಂಗವಾಗಿ ತಿಳಿಸಿ.

ಇನ್ನೊಂದು ಕೋರಿಕೆ. ಟೆಕ್ಸಾಸಿನ ಆ ಪ್ರಯೋಗ ನಡೆದದ್ದು ಯುರೋಪಿನ ಜೇನಿನ ಮೇಲೆ. ನಮ್ಮ ನೀರಿನ ಟ್ಯಾಂಕಿನ ಅಡಿಯಲ್ಲಿ ಗೂಡು ಕಟ್ಟುವ ಹೆಜ್ಜೇನಿನ ಮೇಲೆ, ಬೇಲಿಯ ಕೋಲು ಜೇನಿನ ಮೇಲೆ ಇಲ್ಲಿಯೇ ಅಧ್ಯಯನ ಆಗಬೇಕು. ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ನೀವು ಪತ್ರ ಬರೆದರೆ ಅದಕ್ಕೊಂದು ತೂಕವಿರುತ್ತದೆ. ಒಬ್ಬ ರೈತ ಬರೆದರೆ ಅಷ್ಟು ನಡೆಯುವುದಿಲ್ಲ, ಅಲ್ವಾ?

ಸೆಪ್ಟೆಂಬರ್‌ನಲ್ಲಿ, ತೊಗರಿ ಹೂ ಬಿಡುವ ಮೊದಲೇ, ಹೋಬಳಿ ಮಟ್ಟದಲ್ಲಿ ರೈತರನ್ನೂ ಅಂಗಡಿಯವರನ್ನೂ ಕೂಡಿಸಿ ಒಂದು ಸಭೆ ಕರೆಯಿರಿ. ನಮ್ಮೂರಿನವರನ್ನು ಕರೆತರುವ ಹೊಣೆ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಸೇಡಂ ತಾಲ್ಲೂಕಿನ ಒಬ್ಬ ತೊಗರಿ ಬೆಳೆಗಾರ